ಬೊಜ್ಜು ಮೊದಲೋ, ಆಲಸ್ಯ ಮೊದಲೋ?

ಬೀಜ ಮೊದಲೋ ವೃಕ್ಷ ಮೊದಲೋ ಎಂಬುದನ್ನು ನಮ್ಮ ಹಿರಿಯರು ಬಿಡಿಸಲಾಗದ ಪ್ರಶ್ನೆಗಳ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಅಂಥದೇ ಒಂದು ಪ್ರಶ್ನೆಯನ್ನು ಕಳೆದ ಡಿಸೆಂಬರಿನಲ್ಲಿ ನನ್ನ ಮಗಳು ನನಗೆ ಕೇಳಿದಳು. ಉತ್ತರ ಗೊತ್ತಿರಲಿಲ್ಲ. ಹುಡುಕಹೊರಟಾಗ ತಿಳಿದದ್ದೇನೆಂದರೆ, ಆ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಇತಿಹಾಸವೇ ಇದೆ. ಆ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ರಸಂಗ ಹೀಗಿದೆ. ನಮ್ಮ ಸಂಘದ ವಾರ್ಷಿಕ ಕ್ರೀಡಾಕೂಟದಲ್ಲಿ ಹನ್ನೆರಡು ವರ್ಷದ ಮಗಳು ನೂರು ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಳು. ಮೈಕಟ್ಟು ತುಸು ದುಂಡು. ಅರ್ಧ ದಾರಿಗೇ ಏದುಸಿರು ಬಿಡುತ್ತ ನಿಂತುಬಿಟ್ಟಳು. ಸಂಜೆ ಲೋಕಲ್ ರೈಲಿನಲ್ಲಿ ಹಿಂದಿರುಗುವಾಗ, ನಾಲ್ಕು ಜನರ ಎದುರಿನಲ್ಲೇ, "ದಿನಾ ಒಂದು ತಾಸು ಓಡ್ಯಾಡಿದ್ರ ಹಿಂಗ್ಯಾಕ ಆಗ್ತಿತ್ತು? ಮೊದಲ ಮೈಗಳ್ಳತನ ಬಿಡು" ಎಂದುಬಿಟ್ಟೆ. ಮನೆ ತಲುಪುವವರೆಗೆ ಹುಡುಗಿ ಮಾತಾಡಲಿಲ್ಲ. ಚಪ್ಪಲಿ ಬಿಡುತ್ತ ಕೇಳಿದಳು: "ಅಪ್ಪಾ, ಓಡೂದಿಲ್ಲಂತ ನಾ ದಪ್ಪ ಆಗೇನೋ, ದಪ್ಪ ಅದೀನಂತ ನನಗ ಓಡಲಿಕ್ಕೆ ಆಗೂದಿಲ್ಲೋ?"

ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವನು ನಾನು, ಮೆಂಡೆಲನ ಬಟಾಣಿ ಗಿಡಗಳ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನು. ಈಗ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದಿನಕ್ಕೆ ಎಂಟು ಗಂಟೆ ಕುರ್ಚಿಗೆ ಅಂಟಿ ಕೂತು ಕಡತ ನೋಡುತ್ತೇನೆ. ಪ್ಯಾಂಟಿನ ಸೊಂಟ ವರ್ಷಕ್ಕೊಮ್ಮೆ ಬಿಚ್ಚಿ ಹೊಲಿಸಬೇಕಾಗುತ್ತದೆ. ಮೈಗಳ್ಳತನದ ಬಗ್ಗೆ ಉಪದೇಶ ಮಾಡುವ ಅರ್ಹತೆ ನನಗೆಷ್ಟಿದೆಯೆಂಬುದು ಬೇರೆಯ ಮಾತು. ಆದರೆ ಪ್ರಶ್ನೆ ಮಾತ್ರ ನೇರವಾಗಿತ್ತು: ಕಾರಣ ಯಾವುದು, ಪರಿಣಾಮ ಯಾವುದು?

ಈ ಕಥೆಯನ್ನು ಲಂಡನ್ನಿನ ಬಸ್ಸುಗಳಿಂದ ಆರಂಭಿಸಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತದ ಸಾವುಗಳು ಏರುತ್ತಿದ್ದವು. ಕಾರಣ ತಿಳಿಯದು. ಜೆರ್ರಿ ಮಾರಿಸ್ ಎಂಬ ವೈದ್ಯರಿಗೆ, ಮನುಷ್ಯ ಮಾಡುವ ಕೆಲಸಕ್ಕೂ ಅವನ ಹೃದಯಕ್ಕೂ ಸಂಬಂಧವಿರಬಹುದೆಂದು ತೋಚಿತು. ಎರಡು ಮಹಡಿಯ ಬಸ್ಸಿನಲ್ಲಿ ಚಾಲಕ ದಿನವಿಡೀ ಕೂತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ಮೇಲೆ ಕೆಳಗೆ ಹತ್ತಿ ಇಳಿಯುತ್ತಲೇ ಇರುತ್ತಾನೆ. ಮುಂಬಯಿಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯ ಸಲ ಓಡುವವರೆಗೆ ಆ ಹತ್ತಿಳಿಯುವ ಕೆಲಸವನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಇಬ್ಬರೂ ಒಂದೇ ಬಸ್ಸಿನವರು, ಹೆಚ್ಚುಕಡಿಮೆ ಒಂದೇ ವರ್ಗದ ಜನ. ವ್ಯತ್ಯಾಸ ಇರುವುದು ಕಾಲಿನ ಕೆಲಸದಲ್ಲಿ.

ಮಾರಿಸ್ ಮತ್ತು ಸಂಗಡಿಗರು ಲಂಡನ್ ಸಾರಿಗೆಯ ಸುಮಾರು 31,000 ಗಂಡಸರ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಚಾಲಕರಿಗಿಂತ ಕಡಿಮೆ. ಬಂದರೂ ತಡವಾಗಿ ಬರುತ್ತದೆ, ಸಾವಿನ ಪ್ರಮಾಣವೂ ಕಡಿಮೆ. ವ್ಯಾಯಾಮವು ಹೃದಯವನ್ನು ಕಾಯುತ್ತದೆಂದು ನಾವಿಂದು ಸಹಜವಾಗಿ ಆಡುವ ಮಾತಿನ ಹಿಂದೆ ಈ ಮೆಟ್ಟಿಲುಗಳಿವೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಾರಿಗೆ ಸಂಸ್ಥೆ ತನ್ನ ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿತ್ತು, ಅಳತೆಗಳೆಲ್ಲ ದಾಖಲೆಯಲ್ಲಿದ್ದವು. ಮಾರಿಸರ ತಂಡ ಆ ಅಳತೆಗಳನ್ನು ತೆಗೆದು ನೋಡಿ 1956ರಲ್ಲಿ ಮತ್ತೊಂದು ಲೇಖನ ಬರೆಯಿತು. ಚಾಲಕರ ಸೊಂಟದ ಅಳತೆ ಕಂಡಕ್ಟರುಗಳದಕ್ಕಿಂತ ದೊಡ್ಡದಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ಚಿಕ್ಕ ವಯಸ್ಸಿನ ಚಾಲಕರಲ್ಲೂ ಈ ವ್ಯತ್ಯಾಸ ಇತ್ತು. ಹಾಗಾದರೆ ಕೂತು ಕೂತು ಬೊಜ್ಜು ಬಂತೋ, ಅಥವಾ ದಪ್ಪ ಮೈಯವರು ಕೂತು ಮಾಡುವ ಕೆಲಸವನ್ನೇ ಆರಿಸಿಕೊಂಡರೋ? ತಮ್ಮ ಕೀರ್ತಿಗೆ ಕಾರಣವಾದ ಸಿದ್ಧಾಂತದ ಬಗ್ಗೆ ತಾವೇ ಇಂಥ ಸಂದೇಹ ಎತ್ತಿ, ತಾವೇ ಅಚ್ಚು ಹಾಕಿಸಿದ್ದು ಮಾರಿಸರ ಪ್ರಾಮಾಣಿಕತೆ. ನಡಿಗೆ, ಈಜುಗಳನ್ನು ರೂಢಿಸಿಕೊಂಡಿದ್ದ ಅವರು 2009ರಲ್ಲಿ ತೀರಿಕೊಂಡಾಗ ವಯಸ್ಸು 99.

ಅದೇ 1956ರಲ್ಲಿ ನಮ್ಮ ದೇಶದಿಂದಲೂ ಒಂದು ವರದಿ ಬಂತು. ಹಾರ್ವರ್ಡಿನ ಜೀನ್ ಮೇಯರ್ ಎಂಬ ಪೋಷಣಶಾಸ್ತ್ರಜ್ಞರು, ರಾಯ್ ಮತ್ತು ಮಿತ್ರ ಎಂಬ ಭಾರತೀಯ ಸಹಕಾರ್ಯಕರ್ತರೊಡನೆ, ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಜನರ ತೂಕ, ಊಟ, ಕೆಲಸಗಳನ್ನು ಲೆಕ್ಕ ಹಾಕಿದರು. ಮೂಟೆ ಹೊರುವ ಕೂಲಿಯವರು, ನೇಕಾರರು, ಗುಮಾಸ್ತರು, ಅಂಗಡಿಯಲ್ಲಿ ಕೂರುವವರು ಎಲ್ಲರೂ ಅದರಲ್ಲಿದ್ದರು. ಕೆಲಸ ಹೆಚ್ಚಿದ ಹಾಗೆ ಊಟ ಹೆಚ್ಚುವುದು ಸಹಜ. ಆದರೆ ಕೂತೇ ಇರುವವರ ಊಟ ಕಡಿಮೆಯಾಗಿರಲಿಲ್ಲ, ತೂಕ ಮಾತ್ರ ಎಲ್ಲರಿಗಿಂತ ಹೆಚ್ಚಾಗಿತ್ತು. ದೇಹವು ಸ್ವಲ್ಪವಾದರೂ ಆಡುತ್ತಿದ್ದರೆ ಹಸಿವು ಲೆಕ್ಕ ತಪ್ಪುವುದಿಲ್ಲ, ತೀರಾ ಕೂತುಬಿಟ್ಟರೆ ಹಸಿವಿನ ತಕ್ಕಡಿ ಕೆಡುತ್ತದೆ ಎಂಬುದು ಮೇಯರರ ಅಭಿಪ್ರಾಯ. ಗುಮಾಸ್ತರ ಕುಲದವನಾದ ನಾನು ಇದನ್ನು ತಲೆ ತಗ್ಗಿಸಿಯೇ ಓದಿದೆ. ಆದರೂ ಲಂಡನ್ನಿನ ಸಂದೇಹ ಇಲ್ಲಿಯೂ ಉಳಿಯಿತು. ಒಂದೇ ಸಮಯದಲ್ಲಿ ಎರಡನ್ನೂ ಅಳೆದರೆ, ಯಾವುದು ಮುಂದೆ ಯಾವುದು ಹಿಂದೆ ಎಂದು ತಿಳಿಯುವುದು ಹೇಗೆ?

ಇನ್ನೊಂದು ದಿಕ್ಕಿನಿಂದ ಅನುವಂಶೀಯತೆಯ ವಿಚಾರ ಬಂತು. ದಪ್ಪಗಿರುವ ತಾಯಿತಂದೆಗೆ ದಪ್ಪಗಿನ ಮಕ್ಕಳು ಹುಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಆದರೆ ಒಂದೇ ಅಡಿಗೆಮನೆಯಲ್ಲಿ ಉಂಡವರು ಒಂದೇ ತರಹ ಇರುವುದಕ್ಕೆ ರಕ್ತ ಕಾರಣವೋ, ರೊಟ್ಟಿ ಕಾರಣವೋ? ಇದನ್ನು ಬೇರ್ಪಡಿಸಿ ನೋಡಲು ದತ್ತು ಮಕ್ಕಳು ಬೇಕು. ಡೆನ್ಮಾರ್ಕಿನಲ್ಲಿ ದತ್ತಕದ ದಾಖಲೆಗಳು ಸುಸಜ್ಜಿತವಾಗಿದ್ದವು. ಅಮೆರಿಕದ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಡೆನ್ಮಾರ್ಕಿನ ಸಂಶೋಧಕರು ಸೇರಿ, ದತ್ತು ಹೋಗಿ ಬೆಳೆದ 540 ಜನ ವಯಸ್ಕರ ತೂಕವನ್ನು ಹೆತ್ತವರ ಹಾಗೂ ಸಾಕಿದವರ ತೂಕದೊಡನೆ ಹೋಲಿಸಿ 1986ರಲ್ಲಿ ಪ್ರಕಟಿಸಿದರು. ಮಕ್ಕಳ ಮೈಕಟ್ಟು ಹೋಲುತ್ತಿದ್ದುದು ಹೆತ್ತವರನ್ನು. ಸಾಕಿದವರ ಮೈಕಟ್ಟಿಗೂ ಅವರದಕ್ಕೂ ಸಂಬಂಧ ಕಾಣಲಿಲ್ಲ.

1990ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಕ್ಲೋಡ್ ಬುಶಾರ್ ಎಂಬವರ ಪ್ರಯೋಗ ಹೊರಬಂತು. ತದ್ರೂಪ ಅವಳಿಗಳಾದ ತರುಣರ 12 ಜೋಡಿಗಳನ್ನು ಒಂದೆಡೆ ಇರಿಸಿ, ನೂರು ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1,000 ಕ್ಯಾಲೊರಿಯಷ್ಟು ಹೆಚ್ಚಿನ ಊಟ ಹಾಕಿದರು. ಎಲ್ಲರಿಗೂ ಹೆಚ್ಚುವರಿ ಊಟ ಒಂದೇ, ಹೆಚ್ಚಿದ ತೂಕ ಮಾತ್ರ ಒಂದೇ ಆಗಿರಲಿಲ್ಲ. ಸರಾಸರಿ 8.1 ಕಿಲೊ, ಆದರೆ ಒಬ್ಬನಿಗೆ ಹೆಚ್ಚಿದ್ದು 4.3 ಕಿಲೊ, ಮತ್ತೊಬ್ಬನಿಗೆ 13.3 ಕಿಲೊ. ಅಣ್ಣತಮ್ಮಂದಿರು ಮಾತ್ರ ಹೆಚ್ಚುಕಡಿಮೆ ಒಬ್ಬರನ್ನೊಬ್ಬರು ಹೋಲುತ್ತಿದ್ದರು. "ಅವನು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ, ಇವನಿಗೆ ನೀರು ಕುಡಿದರೂ ಹತ್ತುತ್ತದೆ" ಎಂದು ನಮ್ಮ ಅಜ್ಜಿಯರು ಆಡುತ್ತಿದ್ದ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದರೂ ಹುರುಳಿಲ್ಲದೆ ಇರಲಿಲ್ಲ.

ಇಷ್ಟಾದರೂ ಯಾವ ವಂಶವಾಹಿ, ಅಂದರೆ ಯಾವ ಜೀನ್, ಇದಕ್ಕೆ ಕಾರಣವೆಂದು ಗೊತ್ತಿರಲಿಲ್ಲ. ಜನಸಾಮಾನ್ಯರಲ್ಲಿ ಕಾಣುವ ಬೊಜ್ಜಿಗೆ ಸಂಬಂಧಿಸಿದ ಮೊದಲ ಗಟ್ಟಿ ಸುಳಿವು 2007ರಲ್ಲಿ ದೊರೆಯಿತು. ಬ್ರಿಟನ್ನಿನ ಸಂಶೋಧಕರು ಹುಡುಕುತ್ತಿದ್ದುದು ಸಕ್ಕರೆ ಕಾಯಿಲೆಯ ಮೂಲವನ್ನು. ಕೈಗೆ ಸಿಕ್ಕಿದ್ದು ಬೊಜ್ಜಿನ ಮೂಲ. 38,759 ಜನರನ್ನು ಪರಿಶೀಲಿಸಿದಾಗ, ಹದಿನಾರನೆಯ ವರ್ಣತಂತುವಿನ ಎಫ್‌ಟಿಒ ಎಂಬ ವಂಶವಾಹಿಯಲ್ಲಿ ಒಂದು ಬಗೆಯ ಪಾಠಾಂತರ ತಂದೆತಾಯಿ ಇಬ್ಬರಿಂದಲೂ ಬಂದವರು, ಎರಡೂ ಕಡೆಯಿಂದ ಬಾರದವರಿಗಿಂತ ಸರಾಸರಿ ಮೂರು ಕಿಲೊ ಹೆಚ್ಚು ತೂಗುತ್ತಿದ್ದರು. ಒಂದು ತಮಾಷೆಯ ಸಂಗತಿ: 1999ರಲ್ಲಿ ಇಲಿಗಳಲ್ಲಿ ಈ ವಂಶವಾಹಿಯನ್ನು ಗುರುತಿಸಿದವರು, ಅದು ಗಾತ್ರದಲ್ಲಿ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ 'ಫ್ಯಾಟ್ಸೊ' ಎಂದು ಹೆಸರಿಟ್ಟಿದ್ದರು, ನಮ್ಮ ಭಾಷೆಯಲ್ಲಿ 'ಡುಮ್ಮ' ಎನ್ನಬಹುದು. ಬೊಜ್ಜಿಗೂ ಅದಕ್ಕೂ ನಂಟಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ! ಮುಂದೆ ಇಂಥ ಹತ್ತಾರು, ನೂರಾರು ವಂಶವಾಹಿಗಳು ಪತ್ತೆಯಾದವು. ಅವುಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಹೊಟ್ಟೆಯಲ್ಲಲ್ಲ, ಮೆದುಳಿನಲ್ಲಿ. ಹಸಿವು ತೃಪ್ತಿಗಳ ಕೇಂದ್ರದಲ್ಲಿ.

ಹಾಗಾದರೆ ಎಲ್ಲವೂ ಹಣೆಬರಹವೇ? ಕೂಡಲೇ ಕೆಲವರು ಇದನ್ನೂ ಪರೀಕ್ಷಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಎಂಬ ಜನಾಂಗವಿದೆ. ಕಾರು ಕೊಳ್ಳದೆ, ಕುದುರೆ ಗಾಡಿ ಕಟ್ಟಿಕೊಂಡು, ಹೊಲದ ಕೆಲಸ ಮಾಡಿಕೊಂಡಿರುವ ಮಂದಿ. ಅವರಲ್ಲಿ 704 ಜನರನ್ನು ಪರಿಶೀಲಿಸಿದ 2008ರ ಅಧ್ಯಯನದಲ್ಲಿ, ಮೈಮುರಿದು ದುಡಿಯುವವರಲ್ಲಿ ಎಫ್‌ಟಿಒ ಪ್ರಭಾವ ಕಾಣಿಸಲೇ ಇಲ್ಲ. ಅಷ್ಟಾಗಿ ದುಡಿಯದವರಲ್ಲಿ ಕಾಣಿಸಿತು. 2011ರಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2,18,166 ವಯಸ್ಕರ ಲೆಕ್ಕ ತೆಗೆದಾಗ, ಮೈಯನ್ನು ಆಡಿಸುವವರಲ್ಲಿ ಆ ವಂಶವಾಹಿಯಿಂದ ಬೊಜ್ಜು ಬರುವ ಪ್ರಭಾವ ಶೇಕಡಾ 27ರಷ್ಟು ತಗ್ಗಿತ್ತು. ಅಳಿಸಿಹೋಗಲಿಲ್ಲ, ತಗ್ಗಿತು. ಮಕ್ಕಳಲ್ಲಿ ಮಾತ್ರ ಈ ವ್ಯತ್ಯಾಸ ಸ್ಪಷ್ಟವಾಗಲಿಲ್ಲ. ನಮ್ಮಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ. ಪುಣೆ ಮತ್ತು ಮೈಸೂರಿನ ಜನರನ್ನು ಒಳಗೊಂಡ 2009ರ ಅಧ್ಯಯನದಲ್ಲಿ ಇದೇ ವಂಶವಾಹಿಗೂ ಸಕ್ಕರೆ ಕಾಯಿಲೆಗೂ ನಂಟು ಕಂಡುಬಂತು. ಅದು ಪೂರ್ತಿಯಾಗಿ ತೂಕದ ಮೂಲಕವೇ ಬಂದದ್ದಲ್ಲವೆಂಬುದು ಅದರ ವಿಶೇಷ. ಚೆನ್ನೈ ಜನರ ಮೇಲಿನ 2016ರ ವರದಿ, ಮೈಯಾಡಿಸದವರಲ್ಲಿ ಎಫ್‌ಟಿಒ ಪ್ರಭಾವ ಹೆಚ್ಚೆಂದು ತೋರಿಸಿತು.

ಇಷ್ಟು ಓದಿದರೂ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಅದಕ್ಕೆ ಬೇಕಾದ ಕೀಲಿಕೈ ಸಿಕ್ಕಿದ್ದು ಬೊಜ್ಜಿಗೆ ಸಂಬಂಧವೇ ಇಲ್ಲದ ಒಂದು ಪತ್ರದಲ್ಲಿ. ರಕ್ತದಲ್ಲಿ ಕೊಲೆಸ್ಟರಾಲ್ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಹೆಚ್ಚೆಂದು ಒಂದು ಕಾಲದಲ್ಲಿ ಗಾಬರಿ ಹುಟ್ಟಿತ್ತು. ಕೊಲೆಸ್ಟರಾಲ್ ಕಡಿಮೆಯಾದುದರಿಂದ ಕ್ಯಾನ್ಸರ್ ಬಂತೋ, ಒಳಗೇ ಬೆಳೆಯುತ್ತಿದ್ದ ಕ್ಯಾನ್ಸರಿನಿಂದ ಕೊಲೆಸ್ಟರಾಲ್ ಇಳಿಯಿತೋ? ನೆದರ್‌ಲ್ಯಾಂಡ್ಸಿನ ಮಾರ್ಟೈನ್ ಕಾಟಾನ್ 1986ರಲ್ಲಿ 'ಲ್ಯಾನ್ಸೆಟ್'ಗೆ ಒಂದು ಚಿಕ್ಕ ಪತ್ರ ಬರೆದರು. ಕೆಲವರಿಗೆ ಹುಟ್ಟಿನಿಂದಲೇ ಕೊಲೆಸ್ಟರಾಲ್ ಕಡಿಮೆ ಇರುವಂತೆ ಮಾಡುವ ವಂಶವಾಹಿ ಇರುತ್ತದೆ. ಕಡಿಮೆ ಕೊಲೆಸ್ಟರಾಲೇ ಕ್ಯಾನ್ಸರಿಗೆ ಕಾರಣವಾಗಿದ್ದರೆ, ಅಂಥವರಲ್ಲಿ ಕ್ಯಾನ್ಸರ್ ಹೆಚ್ಚಿರಬೇಕು. ಏಕೆಂದರೆ ರೋಗವು ಕೊಲೆಸ್ಟರಾಲನ್ನು ಬದಲಿಸೀತು, ಹುಟ್ಟುವ ಮೊದಲೇ ಸಿಕ್ಕ ವಂಶವಾಹಿಯನ್ನು ಬದಲಿಸಲಾರದು. ಇದು ಪತ್ರದ ಸಾರಾಂಶ.

2003ರಲ್ಲಿ ಬ್ರಿಸ್ಟಲ್‌ನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಈ ಯುಕ್ತಿಯನ್ನು ವಿಸ್ತಾರವಾಗಿ ಮಂಡಿಸಿದರು. ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಎಂದು ಅದಕ್ಕೆ ಹೆಸರು. ನಾವು 'ಮೆಂಡೆಲನ ಚೀಟಿ' ಎನ್ನೋಣ. ಪ್ರತಿ ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿರುತ್ತದೆ. ತಾಯಿಯ ಜೋಡಿಯಲ್ಲಿ ಒಂದು, ತಂದೆಯ ಜೋಡಿಯಲ್ಲಿ ಒಂದು ಮಗುವಿಗೆ ಬರುತ್ತದೆ. ಯಾವುದು ಬರುವುದೆಂಬುದು ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ. ಬಟಾಣಿ ಗಿಡಗಳನ್ನು ಎಣಿಸುತ್ತ ಕೂತ ಮೆಂಡೆಲ್ 1866ರಲ್ಲಿ ಅಚ್ಚಾದ ಪ್ರಬಂಧದಲ್ಲಿ ತೋರಿಸಿದ್ದೂ ಇದನ್ನೇ. ಚೀಟಿ ಎತ್ತುವಾಗ ಮಗು ಸೋಮಾರಿಯೋ ಚುರುಕೋ, ಮುಂದೆ ಆಟದ ಮೈದಾನ ಸಿಗುವ ಊರಿನಲ್ಲಿರುತ್ತದೋ ಇಲ್ಲವೋ, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಬೊಜ್ಜಿನ ಚೀಟಿ ಹೆಚ್ಚು ಬಂದ ಮಕ್ಕಳನ್ನು ಒಂದು ಕಡೆ, ಕಡಿಮೆ ಬಂದವರನ್ನು ಮತ್ತೊಂದು ಕಡೆ ಇಟ್ಟು, ಯಾರು ಎಷ್ಟು ಓಡಾಡುತ್ತಾರೆಂದು ನೋಡಿದರೆ, ಬೊಜ್ಜು ಓಡಾಟವನ್ನು ತಗ್ಗಿಸುತ್ತದೆಯೇ ಎಂಬುದು ತಿಳಿಯುತ್ತದೆ. ಒಂದೇ ವಂಶವಾಹಿ ಎರಡು ಮೂರು ದಾರಿಗಳಿಂದ ಕೆಲಸ ಮಾಡಿದರೆ ಲೆಕ್ಕ ತಪ್ಪಬಹುದು; ಆದ್ದರಿಂದ ಅನೇಕ ವಂಶವಾಹಿಗಳನ್ನು ಒಟ್ಟಿಗೆ ನೋಡಿ ತಾಳೆ ಹಾಕುತ್ತಾರೆ.

ಬ್ರಿಸ್ಟಲ್ ಪ್ರದೇಶದಲ್ಲಿ 1991–92ರ ಸುಮಾರಿಗೆ ಹುಟ್ಟಿದ ಸಾವಿರಾರು ಮಕ್ಕಳನ್ನು ಗರ್ಭದಲ್ಲಿದ್ದಾಗಿನಿಂದಲೇ ಅನುಸರಿಸುತ್ತ ಬಂದ ಒಂದು ಪ್ರಖ್ಯಾತ ಅಧ್ಯಯನವಿದೆ. ಆ ಮಕ್ಕಳಿಗೆ ಹನ್ನೊಂದು ವರ್ಷವಾದಾಗ ಸೊಂಟಕ್ಕೆ ಚಿಕ್ಕದೊಂದು ಉಪಕರಣ ಕಟ್ಟಿ ಅವರ ಚಲನೆಯನ್ನು ಅಳೆದಿದ್ದರು. ಓಡಾಟದ ಬಗ್ಗೆ ಯಾರ ಬಾಯಿಮಾತನ್ನೂ ನಂಬಬೇಕಾಗಿರಲಿಲ್ಲ. ಅಂಥ 4,296 ಮಕ್ಕಳಲ್ಲಿ ಬೊಜ್ಜಿಗೆ ಸಂಬಂಧಿಸಿದ 32 ಗುರುತುಗಳನ್ನು ನೋಡಿ ಬರೆದ ವರದಿ 2014ರಲ್ಲಿ ಪ್ರಕಟವಾಯಿತು. ಬೊಜ್ಜಿನ ಚೀಟಿ ಹೆಚ್ಚು ಬಂದ ಮಕ್ಕಳು ಕಡಿಮೆ ಓಡಾಡುತ್ತಿದ್ದರು, ಹೆಚ್ಚು ಹೊತ್ತು ಕೂತಿರುತ್ತಿದ್ದರು. ಎಂದರೆ, ಹೆಚ್ಚಿದ ತೂಕವೇ ಮಗುವನ್ನು ಕೂರಿಸುತ್ತದೆ. ಲಂಡನ್ನಿನ ಪ್ಯಾಂಟಿನ ಅಳತೆಗಳು 1956ರಲ್ಲಿ ಎತ್ತಿದ ಸಂದೇಹಕ್ಕೆ ಐವತ್ತೆಂಟು ವರ್ಷಗಳ ನಂತರ ಸಿಕ್ಕ ಸಮಾಧಾನ ಇದು.

ಆ ವರದಿ ಪ್ರಶ್ನೆಯ ಒಂದು ಮಗ್ಗುಲನ್ನಷ್ಟೇ ಹೇಳಿತ್ತು. ಇನ್ನೊಂದು ಮಗ್ಗುಲನ್ನು ನೋಡಬೇಕಾದರೆ, ಓಡಾಟದ ಒಲವನ್ನೇ ನಿರ್ಧರಿಸುವ ವಂಶವಾಹಿಗಳು ಗೊತ್ತಿರಬೇಕು. ಬ್ರಿಟನ್ನಿನಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಉಪಕರಣ ಕಟ್ಟಿ ಪಡೆದ ಮಾಹಿತಿಯಿಂದ 2018ರಲ್ಲಿ ಅಂಥ ಕೆಲವು ಗುರುತುಗಳು ಸಿಕ್ಕವು. ಮೈಯಾಡಿಸುವುದರಿಂದ ರಕ್ತದ ಒತ್ತಡ ಇಳಿಯುತ್ತದೆಂಬ ಸೂಚನೆಯೂ ಆಗಲೇ ಚೀಟಿ ಪದ್ಧತಿಯಿಂದ ದೊರೆಯಿತು. ಮುಂದೆ ಇಂಥ ಗುರುತುಗಳನ್ನು ಬಳಸಿ ಮಾಡಿದ 2022ರ ಅಧ್ಯಯನವೊಂದು, ಕಾರಣದ ಬಾಣ ಎರಡೂ ಕಡೆಗೆ ಹೋಗುತ್ತದೆಂಬ ಅಭಿಪ್ರಾಯಕ್ಕೆ ಬಂತು. ಬೊಜ್ಜು ಮನುಷ್ಯನನ್ನು ಕೂರಿಸುತ್ತದೆ; ಕೂರುವುದು ಬೊಜ್ಜನ್ನು ಬೆಳೆಸುತ್ತದೆ. ಗಾಣದೆತ್ತಿನಂತೆ ಸುತ್ತುವ ಸುತ್ತು ಇದು.

ಹೀಗೆ ಎರಡು ತಿಂಗಳು ಓದಿದ ಮೇಲೆ ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಹೇಳಿದೆ: "ನೀ ಕೇಳಿದ್ದು ಎರಡೂ ಖರೇ ಅದ. ಆದರ ನಾ ಅಂದದ್ದು ತಪ್ಪು. ಮೈಗಳ್ಳತನ ಅಂದ್ನಲ್ಲ, ಅದು ತಪ್ಪು." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಿಮ್ಮ ಹೊಟ್ಟಿಗೂ ಚೀಟಿನ ಕಾರಣ ಏನು?" ಎಂದಳು. ಅಡಿಗೆಮನೆಯಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಚೀಟಿ ಸ್ವಲ್ಪ, ಕುರ್ಚಿ ಬಹಳ ಎಂದು ಒಪ್ಪಿಕೊಂಡೆ. ಅಂದಿನಿಂದ ಸಂಜೆ ಇಬ್ಬರೂ ಸ್ಟೇಶನ್ನಿನವರೆಗೆ ನಡೆದು ಹೋಗಿ ಬರುತ್ತೇವೆ. ತೂಕ ನೋಡುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿದ ಕಂಡಕ್ಟರುಗಳ ಹೃದಯಕ್ಕೆ ಆದ ಲಾಭ ನಮಗೂ ಆದೀತೆಂಬ ನಂಬಿಕೆ ಸಾಕು.

ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಮಕ್ಕಳಿಗೆ ಅಂಗಳವಿಲ್ಲ, ತೋಟವಿಲ್ಲ. ಎರಡು ಕೋಣೆಯ ಮನೆ, ಶಾಲೆ, ಟ್ಯೂಶನ್. ಚೀಟಿಯನ್ನು ನಾವು ಕೊಟ್ಟೆವು. ಅಂಗಳವನ್ನೂ ನಾವೇ ಕಸಿದುಕೊಂಡೆವು. ಕೊನೆಗೆ ಬೈಗುಳ ಮಾತ್ರ ಮಗುವಿನ ಪಾಲಿಗೆ. ಮದುವೆ ಮುಂಜಿಗಳಲ್ಲಿ, ಸಂಘದ ಸಮಾರಂಭಗಳಲ್ಲಿ ದುಂಡಗಿನ ಮಕ್ಕಳ ಕೆನ್ನೆ ಹಿಂಡಿ 'ಡುಮ್ಮಿ' ಎಂದು ನಗುವ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆ. ಆ ಚಾಳಿಯನ್ನು ಇನ್ನಾದರೂ ಬಿಡಬೇಕು.

ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ಮುಂದಿನ ಕ್ರೀಡಾಕೂಟದಲ್ಲಿ ಓಟದ ಸ್ಪರ್ಧೆಗಳು ಇರಲಿ, ಪದಕಗಳೂ ಇರಲಿ. ಅವುಗಳ ಜೊತೆಗೆ ಮಕ್ಕಳೂ ತಂದೆತಾಯಿಗಳೂ ಕೂಡಿ ಒಂದು ಮೈಲಿ ನಡೆಯುವ ಕಾರ್ಯಕ್ರಮವೊಂದನ್ನು ಇಡಬಾರದೇಕೆ? ಅದಕ್ಕೆ ಮೊದಲನೆಯವರು ಕೊನೆಯವರು ಎಂಬುದು ಬೇಡ. ಮೊದಲ ಎರಡು ಹೆಸರುಗಳನ್ನು ಈಗಲೇ ಬರೆದುಕೊಳ್ಳಬಹುದು: ನನ್ನದು, ನನ್ನ ಮಗಳದು.